ಸಾರಥಿಯ ಸ್ಥಾನ: ಮೇಜಿನ ಪಾತ್ರಾಟ, ತಾಳಮದ್ದಳೆ ಮತ್ತು ಪೌರಾಣಿಕ ನಾಟಕಗಳಲ್ಲಿ ಪೋಷಕ ಪಾತ್ರ

ಪ್ರಸ್ತಾವನೆ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಪಾತ್ರ ವಹಿಸುವ ಎರಡು ರೂಢಿಗಳು ಪರಸ್ಪರ ಪರಿಚಯವಿಲ್ಲದೆ ಬದುಕಿವೆ. ಪೀಣ್ಯ, ದಾಸರಹಳ್ಳಿ, ನೆಲಮಂಗಲ, ಆನೇಕಲ್, ಹೊಸಕೋಟೆಗಳ ಕಡೆ ಗ್ರಾಮಸ್ಥರೂ ಕಾರ್ಖಾನೆಯ ಕೆಲಸಗಾರರೂ ಕೂಡಿ ಜಾತ್ರೆಗೋ ರಾಜ್ಯೋತ್ಸವಕ್ಕೋ ರಾತ್ರಿಯಿಡೀ ಆಡುವ ಪೌರಾಣಿಕ ನಾಟಕ ಒಂದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳಲ್ಲಿ ಒಂದು ಸಣ್ಣ ವರ್ಗ ವಾರಾಂತ್ಯದಲ್ಲಿ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಪಾಶ್ಚಾತ್ಯ ಮೂಲದ ಪಾತ್ರಾಟ ಇನ್ನೊಂದು. ಮೊದಲನೆಯದರಲ್ಲಿ ದುರ್ಯೋಧನ, ಕೃಷ್ಣರಿದ್ದಾರೆ. ಎರಡನೆಯದರಲ್ಲಿ ಖಡ್ಗಧಾರಿ, ಮಾಂತ್ರಿಕರಿದ್ದಾರೆ. ವೇಷ, ಭಾಷೆ, ವರ್ಗ, ಆದಾಯ ಎಲ್ಲವೂ ಬೇರೆ. ಆದರೂ ಎರಡೂ ಕಡೆ ಆಟ ಆರಂಭವಾಗುವ ಮೊದಲು ಒಂದೇ ಪ್ರಶ್ನೆ ಏಳುತ್ತದೆ: ನಾಯಕನಾಗಲು ಎಲ್ಲರೂ ಸಿದ್ಧರಿರುವಾಗ, ನಾಯಕನ ಪಕ್ಕದಲ್ಲಿ ನಿಲ್ಲುವವರು ಯಾರು?

ಈ ಪ್ರಶ್ನೆಗೆ ಬೇರೆ ಬೇರೆ ಪ್ರಕಾರಗಳು ನೀಡಿರುವ ಉತ್ತರಗಳನ್ನು ಹೋಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪೋಷಕ ಪಾತ್ರವನ್ನು ಕುರಿತ ಚರ್ಚೆ ಕನ್ನಡ ರಂಗವಿಮರ್ಶೆಯಲ್ಲಿ ಬಹುಮಟ್ಟಿಗೆ ನಟರ ಗುಣಗಾನದಲ್ಲಿ ಮುಗಿದುಹೋಗುತ್ತದೆ. ‘ಚಿಕ್ಕ ಪಾತ್ರವಾದರೂ ಚೊಕ್ಕವಾಗಿ ನಿರ್ವಹಿಸಿದರು’ ಎಂಬಲ್ಲಿಗೆ ವಿಮರ್ಶಕನ ಹೊಣೆ ತೀರುತ್ತದೆ. ಪೋಷಕ ಪಾತ್ರ ಎಂಬುದು ನಟನ ಶಕ್ತಿಯ ಪ್ರಶ್ನೆಯಾಗುವುದಕ್ಕೆ ಮೊದಲು ಪ್ರಕಾರದ ರಚನೆಯ ಪ್ರಶ್ನೆ. ಆ ಪಾತ್ರಕ್ಕೆ ಏನನ್ನು ಕೊಡಬೇಕು, ಯಾರು ಕೊಡಬೇಕು ಎಂಬುದನ್ನು ಪ್ರತಿಯೊಂದು ಪ್ರಕಾರವೂ ತನ್ನ ನಿಯಮ, ರೂಢಿ, ಹಣಕಾಸುಗಳ ಮೂಲಕವೇ ತೀರ್ಮಾನಿಸಿಕೊಂಡಿರುತ್ತದೆ.

ಶಾಸ್ತ್ರದ ಅಳತೆಗೋಲು

ಭಾರತೀಯ ನಾಟ್ಯಮೀಮಾಂಸೆ ಈ ವಿಷಯದಲ್ಲಿ ಸ್ಪಷ್ಟವಾದ ಪರಿಭಾಷೆಯನ್ನು ಹೊಂದಿದೆ. ಹತ್ತನೆಯ ಶತಮಾನದ ಧನಂಜಯನ ದಶರೂಪಕವು ಕಥಾವಸ್ತುವನ್ನು ಆಧಿಕಾರಿಕ ಮತ್ತು ಪ್ರಾಸಂಗಿಕ ಎಂದು ವಿಂಗಡಿಸುತ್ತದೆ. ಇಲ್ಲಿ ಅಧಿಕಾರವೆಂದರೆ ಫಲದ ಒಡೆತನ. ಕಥೆಯ ಫಲ ಯಾರಿಗೆ ಸೇರುತ್ತದೆಯೋ ಅವನದು ಆಧಿಕಾರಿಕ ವೃತ್ತ. ಪ್ರಾಸಂಗಿಕದಲ್ಲಿ ಮತ್ತೆ ಎರಡು ಬಗೆ: ದೂರದವರೆಗೆ ಜೊತೆಯಲ್ಲಿ ಸಾಗುವುದು ಪತಾಕೆ, ಅಲ್ಲಲ್ಲೇ ಮುಗಿಯುವುದು ಪ್ರಕರಿ. ರಾಮಕಥೆಯಲ್ಲಿ ಸುಗ್ರೀವನ ವೃತ್ತಾಂತ ಪತಾಕೆಗೆ ಪ್ರಸಿದ್ಧ ಉದಾಹರಣೆ. ಪತಾಕೆಯ ನಾಯಕನಿಗೆ ಪೀಠಮರ್ದ ಎಂಬ ಹೆಸರಿದೆ. ಅವನು ಪ್ರಧಾನ ನಾಯಕನಿಗೆ ಅನುರಕ್ತನಾದವನು, ಗುಣದಲ್ಲಿ ಅವನಿಗಿಂತ ಸ್ವಲ್ಪ ಮಾತ್ರ ಕಡಿಮೆಯಾದವನು. ವಿಟ, ವಿದೂಷಕರು ನಾಯಕನ ಇತರ ಸಹಾಯಕರು.

ಈ ವಿಂಗಡಣೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ಪ್ರಾಸಂಗಿಕ ವೃತ್ತ ಪರಾರ್ಥಕ್ಕಾಗಿ ಇರುವಂಥದು. ಆದರೆ ಹಾಗೆ ಪರಾರ್ಥವನ್ನು ಸಾಧಿಸುವ ಹಾದಿಯಲ್ಲೇ ಅದರ ಸ್ವಾರ್ಥವೂ ಸಿದ್ಧಿಸಬೇಕು ಎಂಬುದು ಶಾಸ್ತ್ರಕಾರನ ಆಶಯ. ಸುಗ್ರೀವ ರಾಮನಿಗೆ ಸೀತೆಯನ್ನು ಹುಡುಕಿಕೊಡುತ್ತಾನೆ. ಆ ಮೈತ್ರಿಯ ದೆಸೆಯಿಂದಲೇ ತನ್ನ ರಾಜ್ಯವನ್ನೂ ಪತ್ನಿಯನ್ನೂ ಮರಳಿ ಪಡೆಯುತ್ತಾನೆ. ಅವನಿಗೆ ಏನೂ ದಕ್ಕದಿದ್ದರೆ ಅವನು ಕೇವಲ ಸೇವಕ; ತನಗೆ ದಕ್ಕಿದ್ದನ್ನಷ್ಟೇ ನೋಡಿಕೊಂಡಿದ್ದರೆ ಅವನು ಬೇರೊಂದು ಕಥೆಯ ನಾಯಕ. ಪರಾರ್ಥ ಮತ್ತು ಸ್ವಾರ್ಥಗಳು ಒಂದೇ ಕ್ರಿಯೆಯಲ್ಲಿ ಕೂಡುವುದೇ ಪೋಷಕ ಪಾತ್ರದ ಲಕ್ಷಣ. ಪ್ರಸ್ತುತ ಚರ್ಚೆಗೆ ಇದನ್ನೇ ಅಳತೆಗೋಲಾಗಿ ಇರಿಸಿಕೊಳ್ಳಬಹುದು.

ಕನ್ನಡ ಕಾವ್ಯಪರಂಪರೆಗೂ ಇದು ಅಪರಿಚಿತವಲ್ಲ. ರನ್ನನ ಗದಾಯುದ್ಧದಲ್ಲಿ ಯುದ್ಧಭೂಮಿಯಲ್ಲಿ ನಡೆಯುವ ದುರ್ಯೋಧನನ ಜೊತೆಗೆ ಸಂಜಯನಿದ್ದಾನೆ. ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ದುರ್ಯೋಧನನ ಶೋಕ ಮಾತಾಗಿ ಹೊರಬರುವುದಕ್ಕೆ ಕೇಳುವವನೊಬ್ಬ ಬೇಕಾಗಿತ್ತು. ಸಂಜಯನನ್ನು ತೆಗೆದುಹಾಕಿದರೆ ಉಳಿಯುವುದು ಹೆಣಗಳ ನಡುವೆ ನಡೆದಾಡುವ ಒಬ್ಬ ಸೋತ ಅರಸ. ಪ್ರತಿನಾಯಕನನ್ನು ಮಹಾನುಭಾವನನ್ನಾಗಿಸಿದ ಆ ಭಾಗದ ನಾಟ್ಯಗುಣ ಉಳಿಯುವುದಿಲ್ಲ.

ಮೇಜಿನಾಟ: ಯಾರಿಗೂ ಬೇಡವಾದ ವೈದ್ಯ

ಪಾಶ್ಚಾತ್ಯ ಪಾತ್ರಾಟದ ಇತಿಹಾಸ ಈ ಸಮಸ್ಯೆಯನ್ನು ಬಿಡಿಬಿಡಿಯಾಗಿ ನೋಡಲು ಅವಕಾಶ ಕೊಡುತ್ತದೆ. ಅಲ್ಲಿ ರೂಢಿಗಳು ಬಾಯಿಮಾತಿನಲ್ಲಿ ಇರದೆ ಮುದ್ರಿತ ನಿಯಮಗಳಾಗಿ ಇರುವುದೇ ಇದಕ್ಕೆ ಕಾರಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಯುದ್ಧದ ಬೊಂಬೆಯಾಟಗಳಿಂದ ಬೆಳೆದ ಈ ಆಟದಲ್ಲಿ ಪ್ರತಿಯೊಬ್ಬ ಆಟಗಾರ ಒಂದೊಂದು ಪಾತ್ರವನ್ನು ವಹಿಸುತ್ತಾನೆ. ಒಬ್ಬ ಮಾತ್ರ ಸೂತ್ರಧಾರನಾಗಿ ಲೋಕವನ್ನು ವರ್ಣಿಸುತ್ತಾನೆ, ಎದುರಾಳಿಗಳ ಪರವಾಗಿ ಮಾತಾಡುತ್ತಾನೆ, ನಿಯಮಗಳ ತೀರ್ಪು ನೀಡುತ್ತಾನೆ. ಸಂದೇಹವಿರುವ ಕ್ರಿಯೆಯ ಫಲವನ್ನು ದಾಳ ನಿರ್ಣಯಿಸುತ್ತದೆ.

ಮೊದಲ ಆವೃತ್ತಿಯಲ್ಲಿ ಮೂರೇ ವರ್ಗದ ಪಾತ್ರಗಳಿದ್ದವು: ಯೋಧ, ಮಾಂತ್ರಿಕ ಮತ್ತು ಕ್ಲೆರಿಕ್ ಎಂಬ ಅರ್ಚಕ-ಯೋಧ. ಗಾಯ ವಾಸಿಮಾಡುವ ಮಂತ್ರ ಅರ್ಚಕನಿಗೆ ಸೇರಿದ್ದು. ಗಾಯಗೊಂಡವರು ನಡುಹಾದಿಯಲ್ಲಿ ಹಿಂದಿರುಗದೆ ಮುಂದೆ ಹೋಗಬೇಕಾದರೆ ಅವನಿರಲೇಬೇಕು. ಆದರೆ ಮೊದಲ ಹಂತದಲ್ಲಿ ಅವನಿಗೆ ಮಂತ್ರವೇ ಇರಲಿಲ್ಲ. ಮುಂದಿನ ಹಂತಗಳಲ್ಲಿ ದೊರೆಯುವ ಮಂತ್ರಗಳನ್ನು ಆ ದಿನದ ಮಟ್ಟಿಗೆ ಮೊದಲೇ ಆರಿಸಿ ಇಟ್ಟುಕೊಳ್ಳಬೇಕಾಗಿತ್ತು. ಗೆಳೆಯರ ಗಾಯಗಳಿಗೆಂದು ಮಂತ್ರಗಳನ್ನೆಲ್ಲ ಮೀಸಲಿಟ್ಟ ಅರ್ಚಕನಿಗೆ ತನ್ನದೆಂದು ಮಾಡಲು ಏನೂ ಉಳಿಯುತ್ತಿರಲಿಲ್ಲ. ತನ್ನ ಸರದಿ ಬಂದಾಗ ಇನ್ನೊಬ್ಬನ ಗಾಯಕ್ಕೆ ಕೈ ಚಾಚುವುದು, ಬಳಿಕ ಮತ್ತೆ ಕಾಯುವುದು ಅವನ ಪಾಲಿನ ಆಟ. ಎಲ್ಲರಿಗೂ ಅವನು ಬೇಕು. ಅವನಾಗುವುದು ಯಾರಿಗೂ ಬೇಡ. ಪರಾರ್ಥ ಪೂರ್ತಿ ಇದ್ದು ಸ್ವಾರ್ಥಕ್ಕೆ ಎಡೆಯಿಲ್ಲದ ಪಾತ್ರವಿದು.

ನಂತರದ ಆವೃತ್ತಿಗಳ ಇತಿಹಾಸವನ್ನು ಈ ಕೊರತೆಯನ್ನು ತುಂಬುವ ಪ್ರಯತ್ನಗಳ ಇತಿಹಾಸವಾಗಿಯೂ ಓದಬಹುದು. ೨೦೦೦ದ ಮೂರನೆಯ ಆವೃತ್ತಿ, ಸಜ್ಜುಗೊಳಿಸಿಟ್ಟ ಬೇರೆ ಮಂತ್ರವನ್ನು ಬೇಕಾದಾಗ ಚಿಕಿತ್ಸೆಯ ಮಂತ್ರವಾಗಿ ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಾತ್ವಿಕ ಅರ್ಚಕನಿಗೆ ನೀಡಿತು. ಅಂದರೆ ಅವನು ತನ್ನ ಇಷ್ಟದ ಸಿದ್ಧತೆ ಮಾಡಿಕೊಂಡೇ ಇತರರಿಗೆ ಒದಗಬಹುದಾಯಿತು. ೨೦೦೮ರ ನಾಲ್ಕನೆಯ ಆವೃತ್ತಿ ಎಲ್ಲ ಪಾತ್ರಗಳನ್ನೂ ನಾಲ್ಕು ಕಾರ್ಯಭಾರಗಳಲ್ಲಿ ವಿಂಗಡಿಸಿ, ಪೋಷಕ ಕಾರ್ಯಕ್ಕೆ ‘ಲೀಡರ್’ ಎಂದು ಹೆಸರಿಟ್ಟಿತು. ಇತರರನ್ನು ಎತ್ತಿ ನಿಲ್ಲಿಸುವವನೇ ಮುಂದಾಳು ಎಂಬ ಈ ನಾಮಕರಣ ಅರ್ಥಪೂರ್ಣವಾದುದು. ಅಷ್ಟೇ ಮುಖ್ಯವಾದುದು ಅದರ ಜೊತೆಗೆ ಬಂದ ನಿಯಮ: ಚಿಕಿತ್ಸೆಯನ್ನು ಸಣ್ಣ ಕ್ರಿಯೆಯೆಂದು ಪರಿಗಣಿಸಿದ್ದರಿಂದ, ಒಂದೇ ಸರದಿಯಲ್ಲಿ ಗೆಳೆಯನನ್ನು ಉಳಿಸಿ ಶತ್ರುವಿನ ಮೇಲೂ ಎರಗಲು ಸಾಧ್ಯವಾಯಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ಬಾರ್ಡ್ ಎಂಬ ಗಾಯಕ ಪಾತ್ರ ತನ್ನ ಪ್ರೇರಣೆಯ ದಾಳವೊಂದನ್ನು ಸಂಗಾತಿಗೆ ಕೊಡುತ್ತದೆ. ಸಂಗಾತಿ ಅದನ್ನು ತನಗೆ ಬೇಕಾದ ಗಳಿಗೆಯಲ್ಲಿ ಉರುಳಿಸಿ ತನ್ನ ಎಣಿಕೆಗೆ ಕೂಡಿಸಿಕೊಳ್ಳುತ್ತಾನೆ. ಗೆಲುವಿನಲ್ಲಿ ಗಾಯಕನ ಪಾಲೆಷ್ಟು ಎಂಬುದು ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇದಕ್ಕಿಂತ ಬೇರೆಯಾದ ಪರಿಹಾರವನ್ನು ೧೯೮೭ರಲ್ಲಿ ಪ್ರಕಟವಾದ, ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್ ಹೇಗನ್ ಅವರ ‘ಆರ್ಸ್ ಮ್ಯಾಜಿಕಾ’ ಸೂಚಿಸಿತು. ಅದರಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಪ್ರಬಲ ಮಾಂತ್ರಿಕನ ಪಾತ್ರವಿರುತ್ತದೆ, ಒಬ್ಬ ಸಹಚರನ ಪಾತ್ರವೂ ಇರುತ್ತದೆ. ಇವುಗಳ ಜೊತೆಗೆ ಕಾವಲುಗಾರ, ಆಳುಕಾಳುಗಳಂಥ ಕಿರುಪಾತ್ರಗಳ ಒಂದು ಗುಂಪು ಎಲ್ಲ ಆಟಗಾರರಿಗೂ ಸಾಮಾನ್ಯ ಆಸ್ತಿಯಾಗಿರುತ್ತದೆ. ಒಬ್ಬನ ಮಾಂತ್ರಿಕ ಮುಂದಾಳಾಗಿ ಹೊರಟ ದಿನ ಉಳಿದವರು ಸಹಚರರಾಗಿಯೋ ಕಾವಲುಗಾರರಾಗಿಯೋ ಜೊತೆಗೂಡುತ್ತಾರೆ. ಮುಂದಿನ ಸಲ ಸರದಿ ಬದಲಾಗುತ್ತದೆ. ಇಲ್ಲಿ ಕಿರುಪಾತ್ರಕ್ಕೆ ಬಲ ಹೆಚ್ಚಿಸಿಲ್ಲ. ಕಿರುಪಾತ್ರ ಯಾವೊಬ್ಬನ ಶಾಶ್ವತ ಪಾಲೂ ಆಗದಂತೆ ನೋಡಿಕೊಳ್ಳಲಾಗಿದೆ.

ಕೂಲಿಯ ಪರಿಹಾರವೂ ಈ ಇತಿಹಾಸದಲ್ಲಿದೆ. ಗೈಗ್ಯಾಕ್ಸ್ ೧೯೭೯ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ ಸಂಬಳದ ಆಳುಗಳು ಮತ್ತು ಅನುಚರರ ಬಗ್ಗೆ ವಿವರವಾದ ನಿಯಮಗಳಿವೆ. ಅವರಿಗೆ ಎಷ್ಟು ಕೊಡಬೇಕು, ಅವರ ನಿಷ್ಠೆ ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬುದನ್ನು ಕೋಷ್ಟಕಗಳಲ್ಲಿ ಕೊಟ್ಟಿದೆ. ಯಾರೂ ವಹಿಸಲು ಒಪ್ಪದ ಕೆಲಸವನ್ನು ಸೂತ್ರಧಾರನ ಅಧೀನದ ಕೂಲಿಪಾತ್ರಕ್ಕೆ ಒಪ್ಪಿಸುವ ಈ ಕ್ರಮವನ್ನು ಮುಂದೆ ಪೌರಾಣಿಕ ನಾಟಕದ ಸಂದರ್ಭದಲ್ಲಿ ಮತ್ತೆ ಕಾಣಬಹುದಾಗಿದೆ.

ಎದುರು ಕುಳಿತವರು: ತಾಳಮದ್ದಳೆ

ವೇಷವಿಲ್ಲದೆ, ಕುಳಿತಲ್ಲೇ, ಆಶುವಾದ ಮಾತಿನಿಂದ ಪಾತ್ರವನ್ನು ಕಟ್ಟುವುದು ಮೇಜಿನಾಟದ ವಿಶೇಷವೆಂದು ಭಾವಿಸಬೇಕಾಗಿಲ್ಲ. ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆ ಇದನ್ನು ಬಹುಕಾಲದಿಂದ ಮಾಡುತ್ತ ಬಂದಿದೆ. ಆ ಭಾಗಗಳಿಂದ ಉದ್ಯೋಗಕ್ಕೆ ಬಂದು ನೆಲೆಸಿದವರ ಮೂಲಕ ಅದು ಬೆಂಗಳೂರಿನ ದೇವಾಲಯ, ಸಭಾಂಗಣಗಳಿಗೂ ತಲುಪಿದೆ. ಭಾಗವತ ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿ ಆ ಪದ್ಯದ ಚೌಕಟ್ಟಿನೊಳಗೆ ತನ್ನ ಪಾತ್ರದ ಮಾತನ್ನು ಅಲ್ಲೇ ಹೆಣೆಯುತ್ತಾನೆ. ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ, ಅದು ಹೇಗೆ ಆಗುತ್ತದೆ ಎಂಬುದು ಯಾರಿಗೂ ತಿಳಿದಿಲ್ಲ. ಭಾಗವತನನ್ನು ಮೊದಲ ವೇಷ ಎನ್ನುವ ವಾಡಿಕೆ ಅವನ ಸೂತ್ರಧಾರತ್ವವನ್ನು ಹೇಳುತ್ತದೆ. ಮಾತು ಹಾದಿ ತಪ್ಪಿದರೆ ಮುಂದಿನ ಪದ್ಯವನ್ನು ಎತ್ತಿಕೊಂಡು ಅದನ್ನು ಮುಗಿಸುವ ಅಧಿಕಾರ ಅವನಿಗಿದೆ.

ಈ ಪ್ರಕಾರದಲ್ಲಿ ಪೋಷಕ ಪಾತ್ರದ ಸ್ಥಿತಿ ಕುತೂಹಲಕರವಾಗಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮–೨೦೦೬) ಸಮರ್ಥ ಅರ್ಥಧಾರಿಯ ಎದುರು ಕುಳಿತವನು ಮಾತು ಬಲ್ಲವನಾಗಿರದಿದ್ದರೆ ಕೂಟವೇ ಸೋಲುತ್ತದೆ. ಎದುರಿನವನು ಎತ್ತಿದ ಪ್ರಶ್ನೆಗೆ ತಕ್ಕಂತೆ ನಾಯಕನ ವಾದ ಬೆಳೆಯಬೇಕು. ಕರ್ಣಪರ್ವದ ಶಲ್ಯನನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. ಅವನು ಕರ್ಣನ ಸಾರಥಿ. ರಥ ನಡೆಸುವುದು ಅವನ ಕೆಲಸ. ಕರ್ಣನ ತೇಜೋವಧೆ ಅವನು ಧರ್ಮರಾಯನಿಗೆ ಕೊಟ್ಟ ಮಾತು. ಸರ್ಪಾಸ್ತ್ರದ ಗುರಿ ತಪ್ಪಲಿದೆಯೆಂದು ಹೇಳುವ ಯುದ್ಧಕುಶಲತೆಯೂ ಅವನದೇ. ತೊಟ್ಟ ಬಾಣವನ್ನು ಬದಲಿಸಲಾರೆನೆಂದು ಕರ್ಣ ಹೇಳಿದಾಗ ಅವನ ಹಟ, ಛಲ, ದುರಂತಗಳು ಒಟ್ಟಿಗೆ ಬೆಳಕಿಗೆ ಬರುತ್ತವೆ. ಆ ಬೆಳಕು ಶಲ್ಯನ ಸಲಹೆಯಿಂದ ಹುಟ್ಟಿದ್ದು. ಶಲ್ಯ ಸುಮ್ಮನಿದ್ದರೆ ಕರ್ಣ ಗುರಿ ತಪ್ಪಿದ ಬಿಲ್ಲುಗಾರ ಮಾತ್ರ.

ಹೀಗೆ ತಾಳಮದ್ದಳೆ ಪೋಷಕ ಪಾತ್ರಕ್ಕೆ ಕೊಡುವುದು ಉತ್ತರಿಸುವ ಹಕ್ಕನ್ನು. ಪರಾರ್ಥವೂ ಸ್ವಾರ್ಥವೂ ಅದೇ ಒಂದು ಮಾತಿನಲ್ಲಿ ಸಿದ್ಧಿಸುತ್ತವೆ: ಶಲ್ಯನ ಅರ್ಥಧಾರಿ ಚೆನ್ನಾಗಿ ಕೆಣಕಿದಷ್ಟೂ ಕರ್ಣ ಬೆಳೆಯುತ್ತಾನೆ, ಕರ್ಣ ಬೆಳೆದಷ್ಟೂ ಕೆಣಕಿದವನ ಕೀರ್ತಿಯೂ ಬೆಳೆಯುತ್ತದೆ. ಇದರ ಅಪಾಯವೂ ಗೊತ್ತಿರುವಂಥದೇ. ಉತ್ತರಿಸುವ ಹಕ್ಕು ಗೆಲ್ಲುವ ಹಟವಾದಾಗ ಪ್ರಸಂಗದ ರಸ ಕೆಟ್ಟು ವಾಗ್ವಾದ ಮಾತ್ರ ಉಳಿಯುತ್ತದೆ. ಅದನ್ನು ತಡೆಯುವುದು ಭಾಗವತನ ಪದ್ಯ ಮತ್ತು ಎದುರಿನವನನ್ನು ಸೋಲಿಸುವುದು ತನ್ನ ಪಾತ್ರದ ಗುರಿಯಲ್ಲ ಎಂಬ ಅರ್ಥಧಾರಿಯ ವಿವೇಕ.

ಸಾರಥಿಯಿಂದ ಕುರುಕ್ಷೇತ್ರಕ್ಕೆ

ಬೆಂಗಳೂರಿನ ಸುತ್ತಮುತ್ತಲ ಬಯಲುಸೀಮೆಗೂ ತನ್ನದೇ ಆದ ಬಯಲಾಟವಿತ್ತು. ಜೀ.ಶಂ. ಪರಮಶಿವಯ್ಯ ಮೊದಲಾದ ವಿದ್ವಾಂಸರು ಶೋಧಿಸಿದ ಮೂಡಲಪಾಯ ಯಕ್ಷಗಾನ, ಕೋಲಾರದ ಕಡೆಯ ಕೇಳಿಕೆ ಇದಕ್ಕೆ ಸಾಕ್ಷಿ. ಮೂಡಲಪಾಯದಲ್ಲಿ ಸಾರಥಿ ಎಂಬ ಪಾತ್ರವೊಂದಿದೆ. ರಂಗಕ್ಕೆ ಬಂದ ಪ್ರತಿ ವೇಷವನ್ನೂ ಅವನು ತಡೆದು ನಿಲ್ಲಿಸಿ ತಾವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾನೆ. ಅವನು ಕೇಳಿದ್ದರಿಂದ ಅರಸ ತನ್ನ ವಂಶ, ಬಿರುದು, ಪರಾಕ್ರಮಗಳನ್ನು ಹೇಳಿಕೊಳ್ಳುತ್ತಾನೆ. ಅದೇ ಸಾರಥಿ ಮರುಗಳಿಗೆ ದೂತನಾಗುತ್ತಾನೆ, ಬಾಗಿಲು ಕಾಯುತ್ತಾನೆ, ನಗಿಸುತ್ತಾನೆ. ಇಡೀ ರಾತ್ರಿ ರಂಗದ ಮೇಲಿರುವ ಅವನಿಗೆ ತನ್ನದೆಂಬ ಕಥೆಯಿಲ್ಲ. ಆದರೆ ಅರಸನನ್ನು ಪ್ರಶ್ನಿಸುವ, ಲೇವಡಿ ಮಾಡುವ ಸ್ವಾತಂತ್ರ್ಯ ಅವನೊಬ್ಬನಿಗೇ ಇದೆ. ಅವನಿಗೆ ದಕ್ಕುವ ಫಲ ಅದೇ.

ಈ ಪರಂಪರೆಯ ನೆಲದ ಮೇಲೆ ಕಂಪನಿ ನಾಟಕ ಬಂದಿತು. ೧೯೩೦ರ ದಶಕದಲ್ಲಿ ಗುಬ್ಬಿ ಕಂಪನಿ ಆನೆ, ಕುದುರೆಗಳನ್ನು ರಂಗಕ್ಕೆ ತಂದು ಆಡಿದ ಕುರುಕ್ಷೇತ್ರ ಹಳೆಯ ಮೈಸೂರು ಪ್ರಾಂತದ ಜನರ ನೆನಪಿನಲ್ಲಿ ಉಳಿಯಿತು. ವೃತ್ತಿ ಕಂಪನಿಗಳು ಕ್ಷೀಣಿಸಿದ ಮೇಲೂ ಅವುಗಳ ಮಟ್ಟು, ಪರದೆ, ಕಿರೀಟಗಳು ಹಳ್ಳಿಯ ಹವ್ಯಾಸಿಗಳ ಕೈಗೆ ಬಂದವು. ಬೆಂಗಳೂರಿನಲ್ಲಿ ೧೯೪೦ರ ಹಿಂದೂಸ್ತಾನ್ ಏರ್‌ಕ್ರಾಫ್ಟ್, ೧೯೪೮ರ ಐ.ಟಿ.ಐ., ೧೯೫೩ರ ಎಚ್.ಎಂ.ಟಿ., ೧೯೫೪ರ ಬಿ.ಇ.ಎಲ್., ಮುಂದೆ ೧೯೭೦ರ ದಶಕದ ಪೀಣ್ಯ ಕೈಗಾರಿಕಾ ಪ್ರದೇಶ, ಅದೇ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಜಮೀನಿನಲ್ಲಿ ಕಿಯೋನಿಕ್ಸ್ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ, ೧೯೯೦ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿಯ ಮಾಹಿತಿ ತಂತ್ರಜ್ಞಾನ ಪಾರ್ಕು, ಹೀಗೆ ಒಂದಾದ ಮೇಲೊಂದರಂತೆ ಊರುಗಳನ್ನು ಉದ್ಯಮ ಆವರಿಸಿತು. ಹೊಲ ಹೋದ ಊರುಗಳಲ್ಲಿ ನಾಟಕ ಹೋಗಲಿಲ್ಲ. ತುಮಕೂರು, ಮಂಡ್ಯ, ಹಾಸನ, ಕೋಲಾರಗಳಿಂದ ಬಂದ ಕೆಲಸಗಾರರೂ ಅದೇ ಕುರುಕ್ಷೇತ್ರವನ್ನು ಬಲ್ಲವರಾಗಿದ್ದರು. ಪಾಳಿ ಮುಗಿಸಿ ಬಂದವರಿಗೆ ಸಂಜೆ ಹಾರ್ಮೋನಿಯಂ ಮೇಷ್ಟ್ರು ಪಾಠ ಹೇಳುವ ಕ್ರಮ ಮುಂದುವರಿಯಿತು.

ಈ ನಾಟಕಗಳ ಹಣಕಾಸಿನ ಕ್ರಮ ಪ್ರಸ್ತುತ ಚರ್ಚೆಯ ತಿರುಳಿಗೆ ಸಂಬಂಧಿಸಿದೆ. ಇಲ್ಲಿ ನಟರಿಗೆ ಸಂಭಾವನೆಯಿಲ್ಲ; ನಟರೇ ಹಣ ಕೊಟ್ಟು ಪಾತ್ರವನ್ನು ಪಡೆಯುತ್ತಾರೆ. ಮೇಷ್ಟ್ರ ಸಂಭಾವನೆ, ರಂಗಸಜ್ಜಿಕೆಯ ಬಾಡಿಗೆ, ಉಡುಪು, ಬಣ್ಣ, ದೀಪ, ಧ್ವನಿವರ್ಧಕ, ಸ್ತ್ರೀಪಾತ್ರಧಾರಿಗಳ ಸಂಭಾವನೆ ಎಲ್ಲವೂ ಇದರಿಂದಲೇ ಸಲ್ಲಬೇಕು. ಪಾತ್ರದ ಬೆಲೆ ಅದಕ್ಕಿರುವ ಹಾಡುಗಳನ್ನೂ ರಂಗದ ಮೇಲಿನ ಹೊತ್ತನ್ನೂ ಅವಲಂಬಿಸುತ್ತದೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣರದು ಮೇಲಿನ ಸಾಲು. ವಿದುರ, ನಕುಲ, ಸಹದೇವ, ಸಾತ್ಯಕಿಗಳದು ಕೆಳಗಿನ ಸಾಲು. ಕೃಷ್ಣನಿಗೆ ಬೇಡಿಕೆ ಹೆಚ್ಚಾದಾಗ ಆ ಪಾತ್ರವನ್ನು ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಹಂಚುವುದೂ ಉಂಟು.

ಇದನ್ನು ಕೀಳಾಗಿ ಕಾಣುವುದು ನ್ಯಾಯವಲ್ಲ. ವರ್ಷವಿಡೀ ಮೇಲ್ವಿಚಾರಕನ ಮಾತು ಕೇಳುವವನು ಒಂದು ರಾತ್ರಿ ತನ್ನ ದುಡಿಮೆಯ ಹಣದಿಂದ ಹಸ್ತಿನಾವತಿಯ ಅರಸನಾಗುವುದರಲ್ಲಿ ಘನತೆಯಿದೆ. ಜಾತಿಯಾಗಲಿ ಓದಾಗಲಿ ಅಡ್ಡಬಾರದಂತೆ ಪಾತ್ರವನ್ನು ತೆರೆದಿಟ್ಟ ಶ್ರೇಯಸ್ಸೂ ಈ ಕ್ರಮಕ್ಕೆ ಸಲ್ಲಬೇಕು. ಆದರೆ ಬೆಲೆಯ ಅಳತೆ ಹಾಡೇ ಆದಾಗ ರಚನೆಯ ಮೇಲೆ ಅದರ ಪರಿಣಾಮ ತಪ್ಪದು. ಹಣ ತೆತ್ತವನು ತನ್ನ ಹಾಡನ್ನು ಪೂರ್ತಿ ಹಾಡುವುದು ಸಹಜ. ಅಭಿಮಾನಿಗಳು ‘ಒನ್ಸ್ ಮೋರ್’ ಎಂದಾಗ ಮತ್ತೆ ಹಾಡುತ್ತಾನೆ. ನೋಟಿನ ಹಾರ ಹಾಕುವಷ್ಟು ಹೊತ್ತು ಕಥೆ ನಿಲ್ಲುತ್ತದೆ. ಬೆಳಗಾಗುವುದರೊಳಗೆ ಯುದ್ಧ ಮುಗಿಯಬೇಕು. ಆಗ ಕತ್ತರಿ ಬೀಳುವುದು ಕಡಿಮೆ ಹಣ ತೆತ್ತವನ ಮಾತಿಗೆ. ವಿದುರನ ನೀತಿ ಎರಡು ವಾಕ್ಯಕ್ಕೆ ಇಳಿಯುತ್ತದೆ. ಸಂಧಾನದ ಮುನ್ನ ಕೃಷ್ಣ ಐವರು ಪಾಂಡವರ ಮನಸ್ಸನ್ನು ಕೇಳುವ ಸಂದರ್ಭದಲ್ಲಿ ನಕುಲ, ಸಹದೇವರ ಸರದಿ ಹಾರಿಹೋಗುತ್ತದೆ.

ನಷ್ಟವಾಗುವುದು ಕಿರಿಯ ನಟನಿಗೆ ಮಾತ್ರವೆಂದು ತಿಳಿಯಬಾರದು. ವಿದುರನ ಹಿತವಚನ ಕೇಳಿಸದಿದ್ದರೆ ದುರ್ಯೋಧನ ತಿರಸ್ಕರಿಸಿದ್ದು ಏನನ್ನು ಎಂಬುದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಅವನ ಛಲಕ್ಕೆ ಎದುರೊತ್ತು ಇಲ್ಲವಾಗಿ ಅದು ಬರಿಯ ಅಬ್ಬರವಾಗುತ್ತದೆ. ಅತಿ ಹೆಚ್ಚು ಹಣ ಕೊಟ್ಟು ಪಡೆದ ಪಾತ್ರವೇ ಹೀಗೆ ಒಳಗಿನಿಂದ ಬಡವಾಗುತ್ತದೆ. ನಾಟಕ ಗೀತೆಗಳ ಸಾಲಾಗಿ, ಕಥೆ ಆ ಗೀತೆಗಳನ್ನು ಪೋಣಿಸುವ ನೂಲಾಗಿ ಉಳಿಯುತ್ತದೆ.

ಸ್ತ್ರೀಪಾತ್ರಧಾರಿಯ ಸ್ಥಾನ

ಈ ರಚನೆಯಲ್ಲಿ ಪೋಷಣೆಯ ನಿಜವಾದ ಭಾರವನ್ನು ಹೊರುವವರು ಬೇರೆಯೇ ಇದ್ದಾರೆ. ದ್ರೌಪದಿ, ಕುಂತಿ, ರುಕ್ಮಿಣಿ, ಭಾನುಮತಿ, ಉತ್ತರೆಯರ ಪಾತ್ರಗಳಿಗೆ ಸಾಮಾನ್ಯವಾಗಿ ವೃತ್ತಿಪರ ಕಲಾವಿದೆಯರನ್ನು ಕರೆಸಲಾಗುತ್ತದೆ. ಅವರು ಊರಿಂದೂರಿಗೆ ಹೋಗಿ ಒಂದೇ ನಾಟಕವನ್ನು ಬೇರೆ ಬೇರೆ ಮಂಡಳಿಗಳೊಂದಿಗೆ ಆಡುವವರು. ಒಬ್ಬರೇ ಒಂದು ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಪಾತ್ರ ವಹಿಸುವುದೂ ಇದೆ. ತಿಂಗಳುಗಟ್ಟಲೆ ನಡೆದ ಅಭ್ಯಾಸದಲ್ಲಿ ಅವರು ಇರುವುದಿಲ್ಲ. ಎದುರಿನ ನಟನನ್ನು ಮೊದಲ ಬಾರಿ ಕಾಣುವುದು ರಂಗದ ಮೇಲೆಯೇ ಆಗಿರಬಹುದು. ಆದರೂ ಅವನು ಮಾತು ಮರೆತರೆ ಅದನ್ನು ತಮ್ಮ ಪ್ರಶ್ನೆಯೊಳಗೆ ಸೇರಿಸಿ ನೆನಪಿಸುವವರು, ಶ್ರುತಿ ತಪ್ಪಿದರೆ ಯುಗಳಗೀತೆಯಲ್ಲಿ ಹಿಡಿದು ತರುವವರು, ಎಲ್ಲಿ ನಿಲ್ಲಬೇಕೆಂದು ಕಣ್ಣಿನಲ್ಲೇ ಸೂಚಿಸುವವರು ಅವರೇ. ರಂಗದ ಮೇಲೆ ಅತ್ಯಂತ ಅನುಭವಿಯಾದ ನಟಿ ಅತ್ಯಂತ ಅನನುಭವಿಯಾದ ಅರಸನ ಪಕ್ಕದಲ್ಲಿ ನಿಂತು, ತನ್ನ ಅನುಭವ ಕಾಣದಂತೆ ಅವನನ್ನು ದಡ ಮುಟ್ಟಿಸುತ್ತಾಳೆ.

ಮೇಜಿನಾಟದ ಕೈಪಿಡಿಯ ಸಂಬಳದ ಆಳಿಗೆ ಹೋಲಿಸಿದರೆ ಸಾಮ್ಯವೂ ವ್ಯತ್ಯಾಸವೂ ಗೋಚರಿಸುತ್ತವೆ. ಎರಡೂ ಕಡೆ ಆಟಗಾರರು ವಹಿಸದ ಕೆಲಸವನ್ನು ಕೂಲಿಗೆ ಒಪ್ಪಿಸಲಾಗಿದೆ. ಆದರೆ ಅಲ್ಲಿ ಕೂಲಿಯವನು ಕಾಲ್ಪನಿಕ. ಇಲ್ಲಿ ಅವಳು ಜೀವಂತ ಕಲಾವಿದೆ. ಅವಳ ಪಾತ್ರದಲ್ಲಿ ಪರಾರ್ಥವಿದೆ, ಪ್ರತಿಯಾಗಿ ವೇತನವಿದೆ. ಕಲೆಯ ಸ್ವಾರ್ಥಕ್ಕೆ, ಅಂದರೆ ಕೀರ್ತಿಗೆ, ಎಡೆ ಕಡಿಮೆ. ಪಾತ್ರಕ್ಕೆ ಹಣ ಕೊಟ್ಟವರ ಭಾವಚಿತ್ರಗಳು ತುಂಬಿದ ಪ್ರಚಾರ ಫಲಕದಲ್ಲಿ ಅವಳಿಗೆ ಸಿಗುವ ಜಾಗ ರಂಗದ ಮೇಲೆ ಅವಳು ಹೊತ್ತ ಭಾರಕ್ಕೆ ತಕ್ಕದ್ದಾಗಿರುವುದು ವಿರಳ. ಸಂಶೋಧನೆಯೂ ಇದೇ ಕ್ರಮವನ್ನು ಅನುಸರಿಸಿದೆ. ಕಂಪನಿ ನಾಟಕದ ನಟಿಯರ ಜೀವನದ ಬಗ್ಗೆ ಬರೆದಷ್ಟು, ಹವ್ಯಾಸಿ ಪೌರಾಣಿಕ ನಾಟಕವನ್ನು ಎತ್ತಿಹಿಡಿದಿರುವ ಈ ಸಂಚಾರಿ ಕಲಾವಿದೆಯರ ರಂಗತಂತ್ರದ ಬಗ್ಗೆ ಬರೆದದ್ದಿಲ್ಲ.

ಉಪಸಂಹಾರ

ಮೇಲಿನ ಹೋಲಿಕೆಯಿಂದ ಪೋಷಕ ಪಾತ್ರವನ್ನು ಉಳಿಸಿಕೊಳ್ಳಲು ಪ್ರಕಾರಗಳು ಕಂಡುಕೊಂಡ ನಾಲ್ಕು ಮಾರ್ಗಗಳನ್ನು ಗುರುತಿಸಬಹುದು. ನಿಯಮದ ಮೂಲಕ ಬಲ ಕೊಡುವುದು, ಸರದಿಯ ಮೂಲಕ ಹಂಚುವುದು, ಉತ್ತರಿಸುವ ಹಕ್ಕಿನ ಮೂಲಕ ಮಾನ ಕೊಡುವುದು, ಕೂಲಿಯ ಮೂಲಕ ಹೊರಗಿನಿಂದ ತರುವುದು. ಮೊದಲ ಮೂರು ಮಾರ್ಗಗಳಲ್ಲಿ ಪರಾರ್ಥ, ಸ್ವಾರ್ಥಗಳು ಕೂಡುತ್ತವೆ. ನಾಲ್ಕನೆಯದರಲ್ಲಿ ಅವು ಬೇರ್ಪಡುತ್ತವೆ. ಹೊರವಲಯದ ಪೌರಾಣಿಕ ನಾಟಕ ಸದ್ಯ ಹೆಚ್ಚಾಗಿ ನಾಲ್ಕನೆಯದನ್ನು ನೆಚ್ಚಿಕೊಂಡಿದೆ.

ಆದರೆ ಸರದಿಯ ಮಾರ್ಗ ಅದಕ್ಕೆ ಅಪರಿಚಿತವಲ್ಲ. ಕೃಷ್ಣನನ್ನು ಇಬ್ಬರಿಗೆ ಹಂಚಬಲ್ಲ ಪ್ರಕಾರ ವಿದುರನನ್ನೂ ಹಂಚಬಲ್ಲುದು. ಎರಡನೆಯ ಕೃಷ್ಣ ಬರುವ ಮುನ್ನ ಬಿಡುವಿರುವ ನಟನೇ ಮೊದಲಾರ್ಧದ ವಿದುರನಾದರೆ, ಮೊದಲ ಕೃಷ್ಣ ಉತ್ತರಾರ್ಧದಲ್ಲಿ ಸಂಜಯನಾದರೆ, ಕಡಿಮ ಬೆಲೆಯ ಪಾತ್ರ ಕಡಿಮೆ ಬೆಲೆಯ ಮನುಷ್ಯನ ಪಾಲಾಗುವುದು ತಪ್ಪುತ್ತದೆ. ಪಾತ್ರವನ್ನು ಪಡೆದವನೇ ಪೋಷಕನೂ ಆದಾಗ ಪೋಷಕನ ಮಾತಿಗೆ ಕತ್ತರಿ ಹಾಕಲು ಯಾರಿಗೂ ಲಾಭವಿರುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ಭಾಗವತನಷ್ಟು ಅಧಿಕಾರ ದೊರೆತರೆ, ಎಲ್ಲಿ ಹಾಡು ನಿಲ್ಲಬೇಕು, ಎಲ್ಲಿ ಎದುರಿನವನು ಮಾತಾಡಬೇಕು ಎಂಬುದನ್ನು ಅವರು ನಿರ್ಧರಿಸಬಲ್ಲರು.

ಈ ಮಂಡಳಿಗಳು ತಮ್ಮನ್ನು ಗ್ರಾಮದೇವತೆಯ ‘ಕೃಪಾಪೋಷಿತ ನಾಟಕ ಮಂಡಳಿ’ ಎಂದು ಕರೆದುಕೊಳ್ಳುತ್ತವೆ. ಪೋಷಣೆ ಪಡೆದದ್ದನ್ನು ಹೆಸರಿನಲ್ಲೇ ಒಪ್ಪಿಕೊಂಡ ಮಂಡಳಿಗೆ ತನ್ನ ರಂಗದ ಮೇಲಿನ ಪೋಷಕರನ್ನು ಗುರುತಿಸುವುದು ಅಸಾಧ್ಯವಲ್ಲ. ಅಧ್ಯಯನಕಾರರ ಪಾಲಿನ ಕೆಲಸವೂ ಇದೆ. ಪೌರಾಣಿಕ ನಾಟಕದ ಧ್ವನಿಮುದ್ರಣಗಳಲ್ಲಿ ಹೆಚ್ಚಾಗಿ ಉಳಿದಿರುವುದು ಗೀತೆಗಳು. ಎರಡು ಗೀತೆಗಳ ನಡುವೆ ವಿದುರ ಏನು ಹೇಳಿದ, ದ್ರೌಪದಿ ಮರೆತವನಿಗೆ ಮಾತನ್ನು ಹೇಗೆ ಒದಗಿಸಿಕೊಟ್ಟಳು, ಸಾರಥಿ ಅರಸನನ್ನು ಏನೆಂದು ಕೇಳಿದ ಎಂಬುದನ್ನು ಪ್ರದರ್ಶನದಿಂದ ಪ್ರದರ್ಶನಕ್ಕೆ ದಾಖಲಿಸಿದಾಗ ಮಾತ್ರ ಈ ರಂಗಭೂಮಿಯ ಪೂರ್ಣ ಪಠ್ಯ ಲಭ್ಯವಾಗುತ್ತದೆ.